ಕೋವಿಯ ಒದೆತ

ಕನ್ನಡ ನಾಡಿನಲ್ಲಿ ಬೇಟೆಯನ್ನು ಬಲ್ಲವರು ಕೋವಿ ‘ಒದೆಯಿತು’ ಎನ್ನುತ್ತಾರೆಯೇ ಹೊರತು ‘ಹಿಮ್ಮೆಟ್ಟಿತು’ ಎನ್ನುವುದಿಲ್ಲ. ಈ ಮಾತಿನಲ್ಲಿ ಒಂದು ಸೂಕ್ಷ್ಮವುಂಟು. ಹಿಮ್ಮೆಟ್ಟುವುದು ಕೋವಿಯ ಧರ್ಮ. ಒದೆಸಿಕೊಳ್ಳುವುದು ಹೆಗಲಿನ ಅನುಭವ. ಮೊದಲನೆಯದನ್ನು ತಕ್ಕಡಿ ಗಡಿಯಾರಗಳಿಂದ ಅಳೆದು ಅಂಕಿಗಳಲ್ಲಿ ಬರೆದಿಡಬಹುದು. ಎರಡನೆಯದಕ್ಕೆ ಸಾಕ್ಷಿ ನುಡಿಯತಕ್ಕದ್ದು ಒದೆಸಿಕೊಂಡವನ ದೇಹವೊಂದೇ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಹುಡುಗನಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠ, ಕೋವಿಯ ಬುಡವನ್ನು ಹೆಗಲಿಗೆ ಒತ್ತಿ ಹಿಡಿ ಎಂಬುದು. ಅದೇ ಕೋವಿ, ಅದೇ ತೋಟಾ, ಅದೇ ಮದ್ದು. ಸಡಿಲವಾಗಿ ಹಿಡಿದವನಿಗೆ ಹೆಗಲು ಕಂದುತ್ತದೆ, ಒತ್ತಿ ಹಿಡಿದವನು ನಗುತ್ತಾನೆ. ಅಂಕಿ ಬದಲಾಗಲಿಲ್ಲ, ಅನುಭವ ಬದಲಾಯಿತು.

ಒಂಟಿ ನಳಿಗೆಯ ಕೋವಿಯಲ್ಲಿ ಈ ಭೇದ ಇಷ್ಟಕ್ಕೇ ನಿಲ್ಲುತ್ತದೆ. ಅರೆಸ್ವಯಂಚಾಲಿತ ರೈಫಲಿನಲ್ಲಿ ಮಾತ್ರ ಅದು ಬಹುದೂರ ಹೋಗುತ್ತದೆ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡನ್ನು ಹಾರಿಸಿ, ಬರಿದಾದ ಚಿಪ್ಪನ್ನು ತಾನೇ ಹೊರಕ್ಕೆಸೆದು, ಮುಂದಿನ ತೋಟಾವನ್ನು ತಾನೇ ತುಂಬಿಕೊಂಡು ಸಿದ್ಧವಾಗಿ ನಿಲ್ಲುವ ಬಂದೂಕಿಗೆ ಆ ಹೆಸರು. ಇಷ್ಟೆಲ್ಲ ಕೆಲಸಕ್ಕೂ ಬೇಕಾದ ಬಲವನ್ನು ಅದು ಹಾರಿಸಿದ ತೋಟಾದಿಂದಲೇ ಕಡ ತೆಗೆದುಕೊಳ್ಳುತ್ತದೆ. ಎಷ್ಟು ಕಡ ತೆಗೆಯಬೇಕು ಎಂಬುದರ ಮೇಲೆ ಹೆಗಲಿನ ಸುಖದುಃಖಗಳು ನಿಂತಿವೆ. ಕೆಲವೊಮ್ಮೆ ಹಿಡಿದವನ ಪ್ರಾಣವೂ ನಿಂತಿದೆ.

ಸೂಚೀಕಟಾಹ ನ್ಯಾಯದಂತೆ ಸುಲಭವಾದುದನ್ನು ಮೊದಲು ಮುಗಿಸುವುದು ಲೇಸು. ಪ್ರತಿಯೊಂದು ಕ್ರಿಯೆಗೂ ಸಮನಾದ, ಇದಿರು ದಿಕ್ಕಿನ ಪ್ರತಿಕ್ರಿಯೆ ಉಂಟೆಂದು ನ್ಯೂಟನ್ ಮಹಾಶಯನು ೧೬೮೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದುದು ಶಾಲೆಯ ಹುಡುಗರಿಗೂ ತಿಳಿದ ವಿಷಯ. ಗುಂಡು ಮುಂದಕ್ಕೆ ಎಷ್ಟು ಸಂವೇಗವನ್ನು ಪಡೆಯುತ್ತದೆಯೋ, ಅದರ ಬೆನ್ನ ಹಿಂದೆಯೇ ನುಗ್ಗುವ ಅನಿಲ ಎಷ್ಟು ಪಡೆಯುತ್ತದೆಯೋ, ಅವೆರಡರ ಮೊತ್ತದಷ್ಟನ್ನು ಬಂದೂಕು ಹಿಂದಕ್ಕೆ ಪಡೆಯಲೇಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿ ಹಾರಿಸುತ್ತಿದ್ದ ಗುಂಡು ೧೦ ಗ್ರಾಮಿಗೆ ಸ್ವಲ್ಪ ಕಡಮೆ ತೂಗುತ್ತಿತ್ತು. ಅದರ ವೇಗ ಸೆಕೆಂಡಿಗೆ ಸುಮಾರು ೮೫೦ ಮೀಟರು. ಮದ್ದು ಸುಮಾರು ೩ ಗ್ರಾಂ; ಅದು ಉರಿದು ಅನಿಲವಾಗಿ ಗುಂಡಿಗಿಂತಲೂ ವೇಗವಾಗಿ ಹೊರಬೀಳುತ್ತದೆ. ೪.೩ ಕಿಲೋಗ್ರಾಂ ತೂಕದ ಗ್ಯಾರಂಡ್ ರೈಫಲಿನಿಂದ ಇದನ್ನು ಹಾರಿಸಿದರೆ ಬಂದೂಕು ಸೆಕೆಂಡಿಗೆ ಮೂರು ಮೀಟರಿಗೆ ತುಸು ಕಡಮೆ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಗುಂಡು ಹೊತ್ತೊಯ್ದ ಶಕ್ತಿ ೩೫೦೦ ಜೂಲಿಗೂ ಮಿಗಿಲು. ಹೆಗಲಿಗೆ ಬಂದ ಪಾಲು ಹದಿನೇಳು ಹದಿನೆಂಟು ಜೂಲು ಮಾತ್ರ. ಒಂದು ಕಿಲೋ ತೂಕದ ಬೆಲ್ಲದ ಅಚ್ಚು ಆಳೆತ್ತರದಿಂದ ಬಿದ್ದಷ್ಟು ಎಂದರೆ ಮನೆಯವರಿಗೆಲ್ಲ ಅರ್ಥವಾದೀತು.

ಇನ್ನು ಹೋಲಿಕೆ. ಗ್ಯಾರಂಡಿಗೆ ಮೊದಲು ಅದೇ ಸೈನ್ಯದಲ್ಲಿದ್ದುದು ೧೯೦೩ರ ಸ್ಪ್ರಿಂಗ್‌ಫೀಲ್ಡ್ ರೈಫಲು. ಅದರ ಬೋಲ್ಟನ್ನು ಪ್ರತಿ ಗುಂಡಿಗೂ ಕೈಯಿಂದಲೇ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ತೋಟಾ ಎರಡಕ್ಕೂ ಒಂದೇ. ಸ್ಪ್ರಿಂಗ್‌ಫೀಲ್ಡಿನ ತೂಕ ಸುಮಾರು ೩.೯ ಕಿಲೋಗ್ರಾಂ. ಲೆಕ್ಕ ಹಾಕಿದರೆ ಗ್ಯಾರಂಡಿನ ಒದೆತ ಅದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಮೆಯಾಗುತ್ತದೆ; ಅದೂ ತೂಕ ಹೆಚ್ಚಾದ ಕಾರಣಕ್ಕೆ. ಆದರೆ ಎರಡನ್ನೂ ಹೆಗಲಿಗೇರಿಸಿ ನೋಡಿದವರು ಹತ್ತರಲ್ಲಿ ಒಂದು ಎನ್ನುವುದಿಲ್ಲ. ಸ್ಪ್ರಿಂಗ್‌ಫೀಲ್ಡ್ ಗುದ್ದುತ್ತದೆ, ಗ್ಯಾರಂಡ್ ನೂಕುತ್ತದೆ ಎನ್ನುತ್ತಾರೆ. ಗುದ್ದುವುದಕ್ಕೂ ನೂಕುವುದಕ್ಕೂ ಇರುವ ಅಂತರ ಜೂಲುಗಳಲ್ಲಿಲ್ಲ, ಕಾಲದಲ್ಲಿದೆ. ಗಾಡಿಯ ಮೇಲಿಂದ ಎಸೆದ ತೆಂಗಿನಕಾಯಿಯನ್ನು ಕೆಳಗೆ ನಿಂತವನು ಹಿಡಿಯುವ ಬಗೆಯನ್ನು ನೋಡಬೇಕು. ಕೈಯನ್ನು ಕಾಯಿಯೊಡನೆಯೇ ಹಿಂದಕ್ಕೆ ಸರಿಸಿ ಹಿಡಿಯುವ ಅನುಭವಿಗೆ ಏನೂ ಆಗುವುದಿಲ್ಲ. ಕೈಯನ್ನು ಬಿಗಿದು ನಿಲ್ಲಿಸಿದ ಹೊಸಬನ ಬೆರಳು ಉಳುಕುತ್ತದೆ. ಕಾಯಿಯ ಭಾರವೂ ವೇಗವೂ ಇಬ್ಬರಿಗೂ ಸಮಾನವೇ.

ಅರೆಸ್ವಯಂಚಾಲಿತ ಬಂದೂಕಿನೊಳಗೆ ಕಾಯಿ ಹಿಡಿಯುವ ಆ ಅನುಭವಿ ಎಲ್ಲಿದ್ದಾನೆಂಬುದನ್ನು ಸ್ವಲ್ಪ ವಿವರಿಸಬೇಕು. ನಳಿಗೆಯ ಒಡಲಲ್ಲಿ ಒಂದು ಸಣ್ಣ ರಂಧ್ರವನ್ನು ಕೊರೆದಿರುತ್ತಾರೆ. ಕೆರೆಯ ತೂಬನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ಬಣ್ಣಿಸಬೇಕಾದುದಿಲ್ಲ. ಗುಂಡು ಆ ರಂಧ್ರವನ್ನು ದಾಟಿದೊಡನೆ ಅದರ ಹಿಂದಿನ ಅನಿಲ ತೂಬಿಗೆ ನುಗ್ಗಿ ಒಂದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಗುಂಡು ನಳಿಗೆಯ ಬಾಯಿಯಿಂದ ಹೊರಬೀಳುವವರೆಗೆ ಮಾತ್ರ ಈ ಒತ್ತಡ ಬಲವಾಗಿರುತ್ತದೆ. ಆಮೇಲೆ ಕಟ್ಟೆಯೊಡೆದ ಕೆರೆಯಂತೆ ಎಲ್ಲವೂ ಬಯಲಿಗೆ ಹರಿದುಹೋಗುತ್ತದೆ. ತೂಬಿನ ಅಗಲವೆಷ್ಟು, ಅದು ನಳಿಗೆಯ ಬಾಯಿಗೆ ಎಷ್ಟು ದೂರ, ಅಲ್ಲಿಗೆ ಬರುವಾಗ ಅನಿಲದ ಒತ್ತಡವೆಷ್ಟು ಎಂಬ ಮೂರರಿಂದ ಪಿಸ್ಟನ್ನಿಗೆ ಸಿಕ್ಕುವ ತಳ್ಳು ನಿರ್ಣಯವಾಗುತ್ತದೆ. ಪಿಸ್ಟನ್ನು ತಳ್ಳಿದ ಭಾರವಾದ ಜಾರುಬಂಡಿ ಬೋಲ್ಟಿನ ಬೀಗ ಬಿಡಿಸಿ, ಚಿಪ್ಪನ್ನು ಕಿತ್ತೆಸೆದು, ಸ್ಪ್ರಿಂಗನ್ನು ಒತ್ತುತ್ತ ಹಿಂದಕ್ಕೆ ಓಡಿ, ನಿಂತು, ಅದೇ ಸ್ಪ್ರಿಂಗಿನ ಬಲದಿಂದ ಮರಳಿ ಮುಂದಕ್ಕೆ ಬಂದು ಹೊಸ ತೋಟಾವನ್ನು ಒಳಕ್ಕೆ ತಳ್ಳುತ್ತದೆ.

ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದ ಅನಿಲವೇ ನಳಿಗೆಗೆ ಬಿಗಿದ ಕೊಳವೆಯ ಮುಂಗೋಡೆಯನ್ನು ಅಷ್ಟೇ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಆದುದರಿಂದ ಹೆಗಲಿಗೆ ತಕ್ಷಣ ಬರಬೇಕಾದ ಸಂವೇಗದಲ್ಲಿ ಒಂದು ಭಾಗ ಜಾರುಬಂಡಿಯ ಬಳಿ ಅಡವಿರುತ್ತದೆ. ಜಾರುಬಂಡಿ ಸ್ಪ್ರಿಂಗನ್ನು ಒತ್ತುತ್ತ ಹೋದಂತೆಲ್ಲ ಆ ಅಡವು ಕಂತುಕಂತಾಗಿ ಹೆಗಲಿಗೆ ಸಲ್ಲುತ್ತದೆ. ಗುಂಡು ನಳಿಗೆಯಲ್ಲಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಜಾರುಬಂಡಿಯ ಹೋಗಿಬರುವಿಕೆಗೆ ಅದರ ಹತ್ತಾರು ಪಟ್ಟು ಕಾಲ ಹಿಡಿಯುತ್ತದೆ. ಸಾಲದ ಮೊತ್ತದಲ್ಲಿ ಕಾಸಿನಷ್ಟೂ ರಿಯಾಯಿತಿಯಿಲ್ಲ. ತೀರಿಸುವ ಗಡುವು ಮಾತ್ರ ದೀರ್ಘವಾಯಿತು. ಅನಿಲದ ಬಂದೂಕು ಒದೆತವನ್ನು ‘ಹೀರಿಕೊಳ್ಳುತ್ತದೆ’ ಎಂದು ಅಂಗಡಿಯವರು ಹೇಳುವ ಮಾತು ಈ ಅರ್ಥದಲ್ಲಿ ಮಾತ್ರ ಸತ್ಯ.

ತೂಬು ಅತಿಯಾಗಿ ತೆರೆದಿದ್ದರೆ ಏನಾಗುವುದು? ಜಾರುಬಂಡಿ ವಿಪರೀತ ವೇಗದಿಂದ ಹಿಂದಕ್ಕೆ ಬಂದು, ಸ್ಪ್ರಿಂಗು ತಡೆಯಲಾರದೆ, ಹಿಂದಿನ ಗೋಡೆಗೆ ಲೋಹಕ್ಕೆ ಲೋಹ ತಾಗುವಂತೆ ಅಪ್ಪಳಿಸುತ್ತದೆ. ಕಂತಿನಲ್ಲಿ ಬರಬೇಕಾದ ಬಾಕಿಯೆಲ್ಲ ಒಂದೇ ಗಂಟಾಗಿ ಬಂದು ಬೀಳುತ್ತದೆ. ಹೆಗಲಿಗೆ ಒಂದಲ್ಲ, ಎರಡು ಒದೆತ. ಆ ಬಳಿಕ ಅದು ಅಷ್ಟೇ ಆವೇಶದಿಂದ ಮುಂದಕ್ಕೆ ಹಾರಿ ಬಡಿದು ನಳಿಗೆಯ ಬಾಯನ್ನು ಕೆಳಕ್ಕೆ ಕುಕ್ಕುತ್ತದೆ. ಗುರಿಗಾರನ ಕಣ್ಣಿಗೆ ಗುರಿಯು ಮೊದಲು ಕೆಳಗಿಳಿದು, ಮತ್ತೆ ಮೇಲೇರಿ, ನಡುಗಿ ನಿಲ್ಲುವಂತೆ ಕಾಣುತ್ತದೆ. ಲೆಕ್ಕದ ಒದೆತ ಮಾತ್ರ ಮೊದಲಿದ್ದಷ್ಟೇ. ತೂಬು ಅತಿ ಕಿರಿದಾದರೆ ಇದಕ್ಕೆ ತದ್ವಿರುದ್ಧ: ಒದೆತ ಮೃದು, ಬಂದೂಕು ಸಾಧು, ಆದರೆ ಜಾರುಬಂಡಿ ಅರ್ಧ ದಾರಿಯಲ್ಲಿ ನಿಂತು, ಚಿಪ್ಪು ಹೊರಬೀಳದೆ, ಹೊಸ ತೋಟಾ ಒಳಸೇರದೆ, ಕುದುರೆ ಎಳೆದರೆ ಬರಿದೇ ಕಟಕ್ಕೆನ್ನುತ್ತದೆ. ಹುಲ್ಲುಗಾವಲಿನ ಗುರಿಮೈದಾನದಲ್ಲಿ ಅದು ನಗೆಪಾಟಲು. ಇದಿರಿನಲ್ಲಿ ಶತ್ರುವಿದ್ದರೆ ಅದು ಬೇರೆ ಮಾತು.

ಈ ಸಂದಿಗ್ಧವನ್ನು ಬೇರೆ ಬೇರೆ ದೇಶದ ಶಿಲ್ಪಿಗಳು ಬೇರೆ ಬೇರೆ ಬಗೆಯಲ್ಲಿ ಪರಿಹರಿಸಲು ಹೊರಟರು. ಜಾನ್ ಗ್ಯಾರಂಡ್ ಕೆನಡದಲ್ಲಿ ಹುಟ್ಟಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಆಯುಧಶಾಲೆಯಲ್ಲಿ ಬಾಳಿನ ಬಹುಭಾಗವನ್ನು ಕಳೆದ ಮನುಷ್ಯ. ಅವನ ರೈಫಲು ಮೊದಲು ೭ ಮಿಲಿಮೀಟರಿನ ಹಗುರವಾದ ತೋಟಾಕ್ಕೆ ರೂಪುಗೊಳ್ಳುತ್ತಿತ್ತು. ಒದೆತವೂ ಅದಕ್ಕೆ ತಕ್ಕಂತೆ ಕಡಮೆ. ೧೯೩೨ರಲ್ಲಿ ಸೇನಾಮುಖ್ಯನಾಗಿದ್ದ ಡಗ್ಲಸ್ ಮ್ಯಾಕಾರ್ಥರ್, ಉಗ್ರಾಣದಲ್ಲಿ ಹಳೆಯ ತೋಟಾಗಳು ರಾಶಿರಾಶಿಯಾಗಿರುವಾಗ ಹೊಸತೇಕೆ ಎಂದು ಅದನ್ನು ತಳ್ಳಿಹಾಕಿದನು. ಹೆಗಲಿನ ವಿಷಯವನ್ನು ಉಗ್ರಾಣದ ಲೆಕ್ಕ ತೀರ್ಮಾನಿಸಿತು! ಗ್ಯಾರಂಡ್ ಗೊಣಗದೆ ಬಲವಾದ ತೋಟಾಕ್ಕೆ ತನ್ನ ಯಂತ್ರವನ್ನು ಹೊಂದಿಸಿದನು. ೧೯೩೬ರಲ್ಲಿ ಸೈನ್ಯ ಅದನ್ನು ಅಂಗೀಕರಿಸಿತು. ಮೊದಮೊದಲು ಅನಿಲವನ್ನು ಹಿಡಿಯುತ್ತಿದ್ದುದು ನಳಿಗೆಯ ಬಾಯಿಗೆ ತೊಡಿಸಿದ ಒಂದು ಟೊಪ್ಪಿಗೆಯಿಂದ. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟು, ಬಾಯಿಗೆ ಸಮೀಪವಾಗಿ ನಳಿಗೆಯಲ್ಲಿಯೇ ರಂಧ್ರ ಕೊರೆಯುವ ಕ್ರಮಕ್ಕೆ ಬಂದರು. ಆವಿಷ್ಕಾರದ ಹಕ್ಕನ್ನು ಅವನು ಸರ್ಕಾರಕ್ಕೇ ಒಪ್ಪಿಸಿ, ಸಂಬಳದಲ್ಲಿಯೇ ತೃಪ್ತನಾಗಿದ್ದನು. ಅವನಿಗೆ ಲಕ್ಷ ಡಾಲರು ಗೌರವಧನ ಕೊಡಬೇಕೆಂಬ ಮಸೂದೆ ಅಮೆರಿಕದ ಶಾಸನಸಭೆಯಲ್ಲಿ ಬಂದು ಬಿದ್ದುಹೋಯಿತೆಂಬುದು ಈ ಲೇಖನಕ್ಕೆ ಅಪ್ರಸ್ತುತವಾದರೂ ಹೇಳದೆ ಬಿಡುವ ಮಾತಲ್ಲ.

ಗ್ಯಾರಂಡಿನ ತೂಬು ಸ್ಥಿರವಾದುದು. ಸಿಪಾಯಿ ಅದನ್ನು ಹಿಗ್ಗಿಸಲಾರ, ಕುಗ್ಗಿಸಲಾರ. ಸೈನ್ಯ ಕೊಟ್ಟ ತೋಟಾವನ್ನೇ ಹಾರಿಸಿದರೆ ತೊಂದರೆಯಿಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ತುಂಬಿದ ಬೇರೆ ತೋಟಾವನ್ನು ಹಾಕಿದರೆ, ರಂಧ್ರದ ಬಳಿ ಒತ್ತಡ ಮಿತಿಮೀರಿ, ಪಿಸ್ಟನ್ನಿಗೂ ಬೋಲ್ಟಿಗೂ ನಡುವೆ ಇರುವ ನೀಳವಾದ ಸಲಾಕೆ ಬಾಗಿಹೋಗುತ್ತದೆ. ಹೆಗಲಿಗೆ ಅದು ಗೊತ್ತಾಗದೆಯೂ ಇರಬಹುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ರಷ್ಯರು ೧೯೪೦ರ ತಮ್ಮ ಟೋಕರೆವ್ ರೈಫಲಿಗೆ ಐದು ಅಳತೆಯ ರಂಧ್ರಗಳುಳ್ಳ ತಿರುಗಣೆಯನ್ನು ಇಟ್ಟರು. ಹೆಪ್ಪುಗಟ್ಟುವ ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ದೊಡ್ಡ ರಂಧ್ರಕ್ಕೆ ತಿರುಗಿಸಬಹುದು. ಉಪಾಯವೇನೋ ಸರಿಯೆ. ಆದರೆ ಅವಸರದಲ್ಲಿ ಕರೆತಂದು, ಅವಸರದಲ್ಲಿ ಕಲಿಸಿ, ಅವಸರದಲ್ಲಿ ರಣಕ್ಕಟ್ಟಿದ ಸಿಪಾಯಿಗೆ ಐದರಲ್ಲಿ ಯಾವುದೆಂದು ಹೇಳುವವರಾರು?

ಇಲ್ಲಿಯವರೆಗಿನ ವಿಚಾರವನ್ನು ಓದಿದ ಯಾರಿಗಾದರೂ, ಹೆಗಲಿಗೆ ಸ್ವಲ್ಪ ನೋವಾದರೆ ಆಗಲಿ, ತೂಬನ್ನು ಅಗಲಿಸಿಯೇ ಇಡುವುದು ಜಾಣತನ ಎನ್ನಿಸಬಹುದು. ಅಷ್ಟು ಸುಲಭವಿಲ್ಲ, ಏಕೆಂದರೆ ಒದೆತವು ಗುರಿಯನ್ನು ಕೆಡಿಸುತ್ತದೆ. ಕೆಡಿಸುವ ಬಗೆ ಮಾತ್ರ ಜನ ಎಣಿಸಿದಂತಲ್ಲ. ಗುಂಡು ನಳಿಗೆಯ ಬಾಯನ್ನು ಬಿಡುವ ಹೊತ್ತಿಗೆ ಗ್ಯಾರಂಡಿನಂತಹ ಬಂದೂಕು ಹಿಂದಕ್ಕೆ ಸರಿದಿರುವುದು ಎರಡು ಮಿಲಿಮೀಟರಿಗಿಂತಲೂ ಕಡಮೆ. ಹೆಗಲಿಗೆ ಪೆಟ್ಟು ಮುಟ್ಟುವಾಗ ಗುಂಡು ಆಗಲೇ ಹೊರಟುಹೋಗಿದೆ. ಹಾಗಿದ್ದರೆ ಗುರಿ ತಪ್ಪಿಸಿದವರು ಯಾರು? ಬೆತ್ತ ಬೀಳುವ ಮೊದಲೇ ಕಣ್ಣು ಮುಚ್ಚಿ ಕೈ ಹಿಂದಕ್ಕೆಳೆದುಕೊಳ್ಳುವ ಹುಡುಗನನ್ನು ಕಂಡವರು ಇದಕ್ಕೆ ಉತ್ತರ ಹೇಳಬಲ್ಲರು. ನಾಲ್ಕಾರು ಬಾರಿ ಒದೆಸಿಕೊಂಡ ದೇಹ ಐದನೆಯ ಬಾರಿಗೆ, ಯಜಮಾನನ ಅಪ್ಪಣೆಗೆ ಕಾಯದೆ, ಪೆಟ್ಟಿಗೆ ಮೊದಲೇ ಸಿದ್ಧವಾಗುತ್ತದೆ: ಹೆಗಲು ಮುಂದಕ್ಕೆ ನೂಕುತ್ತದೆ, ಬೆರಳು ಕುದುರೆಯನ್ನು ಜಗ್ಗುತ್ತದೆ, ರೆಪ್ಪೆ ಮುಚ್ಚುತ್ತದೆ. ಇಷ್ಟೂ ನಡೆಯುವುದು ಗುಂಡು ಹೊರಡುವುದಕ್ಕೆ ಮುಂಚೆ.

ಗುರಿ ಕಲಿಸುವವರು ಇದನ್ನು ಹೊರಗೆಡಹುವ ಒಂದು ಹಳೆಯ ತಂತ್ರವನ್ನು ಬಲ್ಲರು. ಭಾರತೀಯ ಸೈನ್ಯದಲ್ಲಿ ಕಲಿಸುವವನನ್ನು ಉಸ್ತಾದ ಎಂದು ಕರೆಯುವ ರೂಢಿ. ಆತನು ಹೊಸಬನಿಗೆ ಕಾಣದಂತೆ, ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದು ಸುಳ್ಳು ತೋಟಾವನ್ನು ಸೇರಿಸಿಬಿಡುತ್ತಾನೆ. ಹೊಸಬ ಗುರಿಯಿಟ್ಟು ಕುದುರೆ ಎಳೆಯುತ್ತಾನೆ. ಸದ್ದಿಲ್ಲ, ಹೊಗೆಯಿಲ್ಲ, ಒದೆತವಿಲ್ಲ. ಆದರೂ ನಳಿಗೆಯ ಬಾಯಿ ತಟ್ಟನೆ ಕೆಳಕ್ಕೆ ಬಾಗುತ್ತದೆ! ಸುತ್ತ ನಿಂತವರು ನಗುತ್ತಾರೆ. ಹೊಸಬನ ಮುಖ ಕೆಂಪಾಗುತ್ತದೆ. ಒದೆಯದ ಕೋವಿಗೆ ತಾನೇ ಒದ್ದುಕೊಂಡೆನೆಂದು ಅವನಿಗೆ ಆಗ ತಿಳಿಯುತ್ತದೆ. ಅನುಭವದ ಒದೆತವೆಂದರೆ ಬರಿಯ ಕಲ್ಪನೆ ಎಂದು ಹಗುರವಾಗಿ ನುಡಿಯುವ ಅಂಕಿಪ್ರಿಯರು ಈ ದೃಶ್ಯವನ್ನೊಮ್ಮೆ ನೋಡಬೇಕು. ಆ ಕಲ್ಪನೆಯೇ ಗುಂಡನ್ನು ಗುರಿಯಿಂದ ಮೊಳದಾಚೆ ಒಯ್ಯುತ್ತದೆ. ಸದ್ದಿಗೂ ಇದರಲ್ಲಿ ಪಾಲುಂಟು. ಕಿವಿಗೆ ಭದ್ರವಾಗಿ ಮುಚ್ಚಿಗೆಯಿಟ್ಟು ಹಾರಿಸಿದವರಿಗೆ ಅದೇ ಬಂದೂಕು ಮೃದುವಾಗಿ ತೋರುತ್ತದೆ. ಆದುದರಿಂದ ಒದೆತವನ್ನು ಮೆದುವಾಗಿಸುವ ಪ್ರಯತ್ನ ಸುಖಲೋಲುಪತೆಯಲ್ಲ.

ಇಂದು ಪಂದ್ಯಗಳಲ್ಲಿ ಗುರಿಯಿಡುವವರು, ಮುಖ್ಯವಾಗಿ ಅಮೆರಿಕದಲ್ಲಿ, ಈ ಪ್ರಯತ್ನವನ್ನು ಒಂದು ಕಲೆಯ ಮಟ್ಟಕ್ಕೆ ಒಯ್ದಿದ್ದಾರೆ. ತೂಬಿಗೆ ತಿರುಪು ಜೋಡಿಸುತ್ತಾರೆ, ಜಾರುಬಂಡಿಯನ್ನು ಕೊರೆದು ಹಗುರ ಮಾಡುತ್ತಾರೆ, ಸ್ಪ್ರಿಂಗು ಬದಲಾಯಿಸುತ್ತಾರೆ. ಬಳಿಕ ಡಬ್ಬಿಗೆ ಒಂದೊಂದೇ ತೋಟಾ ಹಾಕಿ ಹಾರಿಸುತ್ತ, ಬೋಲ್ಟು ಹಿಂದೆ ಸಿಕ್ಕಿ ನಿಲ್ಲುವಷ್ಟು ಮಾತ್ರ ಅನಿಲ ಬಿಡುತ್ತ ಬರುತ್ತಾರೆ. ಎಸೆದ ಚಿಪ್ಪು ಬೀಳುವ ದಿಕ್ಕನ್ನೂ ಪಂಚಾಂಗದಂತೆ ಓದುತ್ತಾರೆ: ಗುರಿಯ ದಿಕ್ಕನ್ನು ಗಡಿಯಾರದ ಹನ್ನೆರಡೆಂದು ಎಣಿಸಿದರೆ, ಚಿಪ್ಪು ಮೂರು ನಾಲ್ಕು ಗಂಟೆಯ ಕಡೆಗೆ ಬಿದ್ದಲ್ಲಿ ಹದವಾಗಿದೆ, ಒಂದು ಎರಡರ ಕಡೆಗೆ ಹಾರಿದಲ್ಲಿ ಅನಿಲ ಹೆಚ್ಚಾಗಿದೆ ಎಂದು ಸ್ಥೂಲವಾಗಿ ಹೇಳುತ್ತಾರೆ. ಹೀಗೆ ಹದಗೊಳಿಸಿದ ಬಂದೂಕಿನ ಗುರಿಕಣ್ಣು ಗುಂಡು ಹಾರಿದರೂ ಅಲುಗಿದಂತೆ ಕಾಣುವುದಿಲ್ಲವಂತೆ. ಮೆಚ್ಚತಕ್ಕ ಕೌಶಲವೇ ಸರಿ. ಆದರೆ ಸ್ಥಾಲೀಪುಲಾಕ ನ್ಯಾಯ ಇಲ್ಲಿ ನಡೆಯುವುದಿಲ್ಲ. ಒಂದು ಅಗುಳು ಬೆಂದಿತೆಂದು ತಪ್ಪಲೆಯನ್ನೇ ಇಳಿಸಬಹುದು. ಶುಚಿಯಾದ ಬಂದೂಕು, ಬೆಚ್ಚನೆಯ ಮಧ್ಯಾಹ್ನ, ಒಂದೇ ಪೆಟ್ಟಿಗೆಯ ತೋಟಾ ಎಂಬ ಒಂದು ಅಗುಳಿನಿಂದ, ಮಸಿ ಕಟ್ಟಿದ ಬಂದೂಕು, ಮಂಜಿನ ಬೆಳಗು, ಬೇರೆ ಕಾರ್ಖಾನೆಯ ಮದ್ದು ಎಂಬ ತಪ್ಪಲೆಯನ್ನು ಊಹಿಸಲಾಗದು.

ಮದ್ದು ಬದಲಾದರೆ ಏನಾದೀತೆಂಬುದಕ್ಕೆ ಉದಾಹರಣೆ ವಿಯೆಟ್ನಾಮಿನಲ್ಲಿದೆ. ಅಮೆರಿಕದ ಎಂ-೧೬ ರೈಫಲು ಯೂಜೀನ್ ಸ್ಟೋನರನ ಕಲ್ಪನೆಯಿಂದ ಹುಟ್ಟಿದುದು. ಒಂದೊಂದಾಗಿಯೂ ಸತತವಾಗಿಯೂ ಗುಂಡು ಹಾರಿಸಬಲ್ಲದು. ಅದರ ಗುಂಡು ನಾಲ್ಕು ಗ್ರಾಂ ಕೂಡ ಇಲ್ಲ. ಒದೆತ ಐದು ಜೂಲಿನ ಆಸುಪಾಸು, ಎಂದರೆ ಗ್ಯಾರಂಡಿನ ಮೂರನೆಯ ಒಂದು ಪಾಲಿಗಿಂತ ಕಡಮೆ. ಹೆಗಲು ಹಾರೈಸಬಹುದಾದುದೆಲ್ಲ ಅಲ್ಲಿತ್ತು. ಅದರಲ್ಲಿ ಪಿಸ್ಟನ್ನಿನ ಸಲಾಕೆಯಿಲ್ಲ. ಒಂದು ಸಣ್ಣ ಕೊಳವೆ ಅನಿಲವನ್ನೇ ಜಾರುಬಂಡಿಯವರೆಗೆ ಒಯ್ಯುತ್ತದೆ. ೧೯೬೦ರ ದಶಕದ ನಡುವೆ, ರೈಫಲು ರೂಪುಗೊಂಡಾಗ ಇದ್ದ ಕಡ್ಡಿಯಾಕಾರದ ಮದ್ದಿನ ಬದಲು ಕಾಳಿನಾಕಾರದ ಮದ್ದನ್ನು ತೋಟಾಗಳಿಗೆ ತುಂಬಿದರು. ನಳಿಗೆಯ ಬಾಯಲ್ಲಿ ಗುಂಡಿನ ವೇಗ ಮೊದಲಿದ್ದಷ್ಟೇ. ಒದೆತದ ಲೆಕ್ಕವೂ ಹೆಚ್ಚುಕಡಮೆ ಅಷ್ಟೇ. ತೂಬಿನ ಬಳಿ ಒತ್ತಡ ಮಾತ್ರ ಏರಿತ್ತು. ಜಾರುಬಂಡಿಯ ಓಟ ಮಿತಿಮೀರಿತು. ಚಿಪ್ಪು ಇನ್ನೂ ಕೋಣೆಯ ಗೋಡೆಗೆ ಅಂಟಿಕೊಂಡಿರುವಾಗಲೇ ಅದನ್ನು ಕೀಳಲು ಹೊರಟಿತು. ಮಸಿಯೂ ಹೆಚ್ಚಾಯಿತು. ಕೋಣೆಗೆ ಕ್ರೋಮಿಯಮ್ಮಿನ ಲೇಪವಿರಲಿಲ್ಲ. ಆ ನಾಡಿನ ತೇವದಲ್ಲಿ ತುಕ್ಕು ಹಿಡಿಯಿತು. ಈ ಬಂದೂಕನ್ನು ಒರಸುವ ಕಾರಣವೇ ಇಲ್ಲವೆಂಬ ಮಾತು ಹಬ್ಬಿ, ಒರಸುವ ಸಾಮಗ್ರಿಯೂ ಸಾಕಷ್ಟು ಸಿಕ್ಕಲಿಲ್ಲ.

ಚಿಪ್ಪು ಒಳಗೇ ಸಿಕ್ಕಿಕೊಂಡರೆ ನಳಿಗೆಯ ಬಾಯಿಯಿಂದ ಉದ್ದನೆಯ ಕಡ್ಡಿ ತೂರಿಸಿ ಅದನ್ನು ಹಿಂದಕ್ಕೆ ತಳ್ಳಬೇಕು. ಗುಂಡಿನ ಮಳೆಯಲ್ಲಿ ಮಲಗಿ ಈ ಕೆಲಸ ಮಾಡುತ್ತಿರುವಾಗಲೇ ಎಷ್ಟೋ ತರುಣರು ಸತ್ತರು. ಕಡ್ಡಿ ಸಿಕ್ಕಿದವರು ಅದನ್ನು ಬಂದೂಕಿಗೇ ಅಂಟಿಸಿಕೊಂಡು ತಿರುಗಿದರು. ಅವರು ಮನೆಗೆ ಬರೆದ ಕಾಗದಗಳು ಪತ್ರಿಕೆಗಳಿಗೂ ಶಾಸನಸಭೆಗೂ ಮುಟ್ಟಿ, ೧೯೬೭ರಲ್ಲಿ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ನಡೆಸಿ ಸೈನ್ಯಾಡಳಿತವನ್ನು ಕಟುವಾಗಿ ಟೀಕಿಸಿತು. ಕ್ರೋಮಿಯಮ್ಮಿನ ಲೇಪ, ಜಾರುಬಂಡಿಯ ಓಟವನ್ನು ತಗ್ಗಿಸುವ ಭಾರವಾದ ತಡೆಗಟ್ಟೆ, ಒರಸುವ ಸಾಮಗ್ರಿ, ಅದನ್ನು ಬಳಸುವ ಪಾಠ ಇವೆಲ್ಲ ಬಂದುವು, ಬಂದೂಕು ಸುಧಾರಿಸಿತು. ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿಯೆಂದರೆ, ಕೆಡುಕನ್ನು ಮೊದಲೇ ಹೇಳಬೇಕಾಗಿದ್ದ ಹೆಗಲು ಏನನ್ನೂ ಹೇಳಲಿಲ್ಲ. ಅದು ಸುಖವಾಗಿಯೇ ಇತ್ತು.

ಭಾರತದ ಸಿಪಾಯಿಗೆ ಅರೆಸ್ವಯಂಚಾಲಿತ ರೈಫಲು ದೊರೆತುದು ತಡವಾಗಿ. ೧೯೬೨ರ ಹಿಮಾಲಯದ ಯುದ್ಧದಲ್ಲಿ ಅವನ ಕೈಯಲ್ಲಿದ್ದುದು ಬೋಲ್ಟನ್ನು ಕೈಯಿಂದಲೇ ಎಳೆಯುವ ಹಳೆಯ ಪಾಯಿಂಟ್ ತ್ರೀನಾಟ್‌ತ್ರೀ. ಆ ಬಳಿಕ ಬಂಗಾಳದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ ೭.೬೨ ಮಿಲಿಮೀಟರಿನ ೧ಎ೧ ರೈಫಲು ಬಂದಿತು. ೧೯೭೧ರ ಯುದ್ಧದಲ್ಲಿ ಅದೇ ಇತ್ತು. ಮೈಸೂರು, ಕೊಡಗು, ಬೆಳಗಾವಿಗಳಿಂದ ಸೈನ್ಯಕ್ಕೆ ಹೋಗಿ ಬಂದ ಹಿರಿಯರಲ್ಲಿ ಎಸ್.ಎಲ್.ಆರ್. ಎಂದರೆ ಈಗಲೂ ಕಣ್ಣರಳಿಸುವವರಿದ್ದಾರೆ. ಇದು ಬೆಲ್ಜಿಯಮ್ಮಿನ ಹೆರ್ಸ್ತಾಲಿನಲ್ಲಿ ದ್ಯೂದೊನೆ ಸೇವ್ ರೂಪಿಸಿದ ಫಾಲ್ ಎಂಬ ರೈಫಲಿನ ಸಂತಾನ. ಅದರ ಗುಂಡಿನ ಒದೆತ ಗ್ಯಾರಂಡಿನದಕ್ಕಿಂತ ಬಹಳ ಕಡಮೆಯೇನಲ್ಲ.

ಸೇವ್ ಮಾಡಿದ ಏರ್ಪಾಡು ಸರಳವಾಗಿದೆ. ತೂಬಿನ ಬಳಿ ಹಲ್ಲುಹಲ್ಲಾಗಿ ತಿರುಗುವ ಒಂದು ಬಳೆ. ಅದನ್ನು ಪೂರ್ತಿ ತೆರೆದರೆ ಅನಿಲದ ಬಹುಭಾಗ ಹೊರಕ್ಕೆ ಪೋಲಾಗಿ ಪಿಸ್ಟನ್ನಿಗೆ ತಳ್ಳು ಸಾಲದು. ಒಂದೊಂದೇ ಹಲ್ಲು ಮುಚ್ಚುತ್ತ ಬಂದಂತೆ ಪಿಸ್ಟನ್ನಿನ ಪಾಲು ಹೆಚ್ಚುತ್ತದೆ. ಹದಗೊಳಿಸುವ ಕ್ರಮವೂ ಅಷ್ಟೇ ಸರಳ: ಬಳೆಯನ್ನು ತೆರೆದಿಟ್ಟು, ಡಬ್ಬಿಗೆ ಒಂದೇ ತೋಟಾ ಹಾಕಿ ಹಾರಿಸುವುದು, ಬೋಲ್ಟು ಹಿಂದೆ ಸಿಕ್ಕಿ ನಿಲ್ಲದಿದ್ದರೆ ಒಂದು ಹಲ್ಲು ಮುಚ್ಚಿ ಮತ್ತೆ ಹಾರಿಸುವುದು, ನಿಂತ ಮೇಲೆ ನಾಲ್ಕಾರು ಬಾರಿ ಪರೀಕ್ಷಿಸಿ ದೃಢಪಡಿಸಿಕೊಳ್ಳುವುದು. ಪಂದ್ಯದವನು ಇಲ್ಲಿಗೆ ನಿಲ್ಲಿಸುತ್ತಾನೆ, ಏಕೆಂದರೆ ಬಂದೂಕು ಅತ್ಯಂತ ಮೃದುವಾಗಿ ಒದೆಯುವುದು ಈ ಸ್ಥಾನದಲ್ಲಿಯೇ. ಸೈನಿಕನು ಇನ್ನೂ ಎರಡು ಹಲ್ಲು ಮುಚ್ಚುತ್ತಾನೆ. ಒಂದು ಹಲ್ಲು ಬರಲಿರುವ ಮಸಿಗೆ, ಒಂದು ಹಲ್ಲು ಬರಲಿರುವ ಚಳಿಗೆ ಎಂದು ಬೇಕಾದರೆ ಎಣಿಸಬಹುದು.

ಆ ಎರಡು ಸಣ್ಣ ಸದ್ದುಗಳಾದ ಮೇಲೆ ಹಾರಿಸಿದ ಮೊದಲ ಗುಂಡಿಗೆ ಒದೆತ ತುಸು ಗಡುಸಾಗುತ್ತದೆ. ಹೊಸಬನು ಹೆಗಲನ್ನು ಉಜ್ಜಿಕೊಂಡು ಉಸ್ತಾದನ ಮುಖ ನೋಡುತ್ತಾನೆ. ಉಸ್ತಾದನು ಹೆಗಲಿನ ಕಡೆಗೆ ನೋಡುತ್ತಿಲ್ಲ. ಹುಲ್ಲಿನ ಮೇಲೆ ಚಿಪ್ಪು ಎಲ್ಲಿ ಬಿದ್ದಿತೆಂದು ನೋಡುತ್ತಿದ್ದಾನೆ.